ಗೋಡೆಯಾಚೆಯ ಪೈಲಟ್

ಭಾನುವಾರ, ನಸುಕು. ಹಾಲಿನ ಗಾಡಿ ಇನ್ನೂ ಬೀದಿಯ ಆ ತುದಿಯಲ್ಲೇ ಇದೆ. ಮೂರನೆಯ ಮಹಡಿಯ ಮನೆಯೊಂದರ ಉಗ್ರಾಣದಲ್ಲಿ, ಹಿಟ್ಟಿನ ಡಬ್ಬಗಳಿಗೂ ಹಳೆಯ ಸೂಟ್‌ಕೇಸುಗಳಿಗೂ ನಡುವೆ ಒಂದು ಕುರ್ಚಿ, ಕುರ್ಚಿಯ ಮೇಲೆ ಐವತ್ತು ದಾಟಿದ ಹೆಣ್ಣುಮಗಳು. ಕಿವಿಗೆ ಹೆಡ್‌ಫೋನ್, ಎದುರಿಗೆ ಕಂಪ್ಯೂಟರ್ ಪರದೆ, ಕೈಗೆ ಸಿಗುವಂತೆ ಬಿಸಿನೀರಿನ ಫ್ಲಾಸ್ಕು. ಬಾಗಿಲಿಗೆ ಎರಡು ರಜಾಯಿ ತೂಗುಬಿಟ್ಟಿದ್ದಾರೆ. ಮನೆಯ ಸದ್ದು ಒಳಗೆ ಬರಬಾರದು, ಒಳಗಿನ ವಿಮಾನ ಹೊರಗೆ ಹೋಗಬಾರದು ಎಂದು. ಒಂದು ಗುಟುಕು ನೀರು ಕುಡಿದು ಮೈಕಿನ ಗುಂಡಿ ಒತ್ತುತ್ತಾರೆ.

“ಗೋಪುರಕ್ಕೆ ನಮಸ್ಕಾರ. ಸರಕು ಏಳು, ಆರು ಸಾವಿರ ಅಡಿಯಲ್ಲಿದೀನಿ. ಇಳಿಯೋಕೆ ಜಾಗ ಬೇಕು.” ದಪ್ಪ ದನಿ, ನಿದ್ದೆಗೆಟ್ಟು ಕಣ್ಣು ಕೆಂಪಾದವರ ದನಿ. ಗುಂಡಿ ಬಿಟ್ಟು ಮತ್ತೆ ಒತ್ತುವಷ್ಟರಲ್ಲಿ ಅದೇ ಗಂಟಲಿನಿಂದ ಚಿಗುರು ಮೀಸೆಯ ಹುಡುಗನೊಬ್ಬ ಹೊರಬರುತ್ತಾನೆ: “ಹಂಸ ಮೂರು, ಎಂಟು ಸಾವಿರ, ನಾನೂ ಕಾಯ್ತಾ ಇದೀನಿ.” ಅವನ ಬೆನ್ನಿಗೇ ಗಿಡುಗ ನಾಲ್ಕು, ಯಾವ ಮಾತಿಗೂ ಗೊಣಗುವ ಮುದುಕ ಕ್ಯಾಪ್ಟನ್. ಹೀಗೆ ವಿಮಾನಕ್ಕೊಂದು ಕರೆಹೆಸರಿನಂತೆ ಹನ್ನೆರಡು ವಿಮಾನ, ಹನ್ನೆರಡು ಪೈಲಟ್‌ಗಳು. ಗಂಟಲು ಮಾತ್ರ ಒಂದೇ.

ವಿಮಾನ ಯಾವುದೂ ನಿಜವಲ್ಲ, ಗಾಬರಿ ಬೇಡ. ಇದು ಪರದೆಯ ಮೇಲಿನ ಆಕಾಶ. ನಿಲ್ದಾಣದ ಗೋಪುರದಿಂದ ವಿಮಾನಗಳಿಗೆ ದಾರಿ ತೋರಿಸುವ ಕಂಟ್ರೋಲರ್ ಕೆಲಸವನ್ನು ಹವ್ಯಾಸಕ್ಕಾಗಿ, ಮನೆಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಆಡುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅಂಥ ಹದಿನಾರು ಜನ ಸೇರಿ ವರ್ಷಕ್ಕೊಮ್ಮೆ ಸ್ನೇಹದ ಪಂದ್ಯಾವಳಿ ನಡೆಸುತ್ತಾರೆ. ಇಬ್ಬಿಬ್ಬರ ಜೋಡಿ, ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಹೊರಕ್ಕೆ. ಆದರೆ ಕಂಟ್ರೋಲರ್ ಅಪ್ಪಣೆ ಕೊಡಬೇಕಾದರೆ ಅಪ್ಪಣೆ ಪಾಲಿಸುವ ವಿಮಾನ ಬೇಕಲ್ಲ? ಆ ವಿಮಾನಗಳೆಲ್ಲವನ್ನೂ ಓಡಿಸುವವರು ಈ ಉಗ್ರಾಣದವರು. ಬಲಕ್ಕೆ ತಿರುಗು ಎಂದರೆ ಬಲಕ್ಕೆ ತಿರುಗಿಸಿ, “ಬಲಕ್ಕೆ ತಿರುಗಿದೆ” ಎಂದು ಮರಳಿ ಹೇಳುವುದು. ಇಷ್ಟೇ ಕೆಲಸ. ಆಡುವವರ ಹೆಸರು ಪಟ್ಟಿಯಲ್ಲಿರುತ್ತದೆ, ಓಡಿಸುವವರದು ಎಲ್ಲೂ ಇರುವುದಿಲ್ಲ.

ಇವತ್ತು ಫೈನಲ್. ಅದೂ ಎರಡನೆಯ ಸಲದ ಫೈನಲ್. ಹೋದ ಭಾನುವಾರ ಆಡಿದ್ದನ್ನು ಅಳಿಸಿಹಾಕಿ ಮತ್ತೆ ಆಡಿಸುತ್ತಿದ್ದಾರೆ. ಅಳಿಸಬೇಕಾಗಿ ಬಂದದ್ದು ಆಟಗಾರರಿಂದಲ್ಲ, ಈ ಉಗ್ರಾಣದವರಿಂದ. ಯಾಕೆಂದರೆ ಇಬ್ಬರು ಆಟಗಾರರಲ್ಲಿ ಒಬ್ಬರು ಇವರ ಸ್ವಂತ ಅತ್ತೆ, ಗೋಡೆಯ ಆಚೆಯ ಕೋಣೆಯಲ್ಲೇ ಹೆಡ್‌ಫೋನ್ ಹಾಕಿಕೊಂಡು ಕೂತು ಆಡುವವರು. ಅತ್ತೆಗೂ ಹೊರಗಿನವರಿಗೂ ಒಂದೇ ಆಕಾಶ ಕೊಡಲು ಈ ಸೊಸೆಯಿಂದ ಆಗುತ್ತದೋ ಇಲ್ಲವೋ ಎನ್ನುವುದು ಇವತ್ತು ತೀರ್ಮಾನವಾಗಬೇಕು. ಆಗದಿದ್ದರೆ ಇನ್ನು ಮೇಲೆ ಮೈಕ್ ಮುಟ್ಟುವುದಿಲ್ಲ ಎಂದು ಅವರು ತಮ್ಮಷ್ಟಕ್ಕೆ ತಾವೇ ಶಪಥ ಮಾಡಿಯಾಗಿದೆ.

ಹವ್ಯಾಸಿಗಳ ಪಾಲಿಗೆ ಇದು ಆಟ. ಸೊಸೆಯ ಪಾಲಿಗೆ ಇದು ಹರೆಯದಿಂದ ಹೊಟ್ಟೆಗೆ ಅನ್ನ ಕೊಟ್ಟ ಕಸುಬು. ನಿಜವಾದ ಕಂಟ್ರೋಲರ್‌ಗಳನ್ನು ತಯಾರು ಮಾಡುವ ತರಬೇತಿ ಶಾಲೆಗೆ ಅವರು ಟೈಪಿಸ್ಟ್ ಆಗಿ ಸೇರಿದವರು. ಒಂದು ದಿನ ವಿಮಾನ ‘ಓಡಿಸುವ’ ಮನುಷ್ಯನಿಗೆ ನೆಗಡಿಯಾಗಿ ದನಿ ಬಿದ್ದುಹೋಯಿತು. “ಬಾಮ್ಮಾ, ಹೇಳಿದ್ದನ್ನ ತಿರುಗಿ ಹೇಳೋಕೆ ಬರುತ್ತಲ್ವಾ, ಕೂತ್ಕೋ” ಎಂದು ಹಿರಿಯ ಬೋಧಕರು ಕರೆದು ಕೂರಿಸಿದರು. ಕೂತವರು ತಲೆಯಲ್ಲಿ ಬೆಳ್ಳಿಗೆರೆ ಮೂಡುವ ತನಕ ಏಳಲಿಲ್ಲ.

ಆ ಹಾಲ್ ಹೇಗಿತ್ತು ಎಂದು ಕೇಳಿದರೆ ಸೊಸೆಯ ಮುಖ ಅರಳುತ್ತದೆ, ಕೈಗಳು ಗಾಳಿಯಲ್ಲಿ ನಕ್ಷೆ ಬರೆಯತೊಡಗುತ್ತವೆ. ಉದ್ದನೆಯ ಹಾಲ್, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ, ಸಾಲಾಗಿ ಹಸಿರು ಬೆಳಕಿನ ದುಂಡನೆಯ ರೇಡಾರ್ ಪರದೆಗಳು. ಯಂತ್ರ ಬಿಸಿಯೇರಿದರೆ ಇಸ್ತ್ರಿ ಮಾಡಿದ ಬಟ್ಟೆಯಂಥ ವಾಸನೆ. ಹಾಲಿನ ನಡುವೆ ಆಳೆತ್ತರದ ಪ್ಲೈವುಡ್ ಗೋಡೆ. ಆ ಕಡೆ ಕಲಿಯುವವರು, ಈ ಕಡೆ ಪೈಲಟ್ ಆಗಿ ಮಾತಾಡುವವರು. ಒಬ್ಬರ ಮುಖ ಒಬ್ಬರು ನೋಡುವಂತಿರಲಿಲ್ಲ. ಬಾಗಿಲು ಬೇರೆ, ಊಟದ ಹೊತ್ತೂ ಬೇರೆ.

“ಮುಖ ನೋಡಿದ್ರೆ ದಾಕ್ಷಿಣ್ಯ ಹುಟ್ಟುತ್ತೆ ಅನ್ನೋರು ನಮ್ಮ ಬೋಧಕರು. ಪಾಪ ಇವನು ನಿನ್ನೆ ಕ್ಯಾಂಟೀನಲ್ಲಿ ನಕ್ಕಿದ್ದ, ಇವತ್ತು ಸ್ವಲ್ಪ ಸುಲಭ ಮಾಡೋಣ ಅಂತ ಅನ್ನಿಸಿಬಿಡುತ್ತೆ. ಹಾಗಾಗ್ಬಾರ್ದು. ಎಲ್ಲರಿಗೂ ಒಂದೇ ಆಕಾಶ. ಇದೊಂದೇ ನಾನು ಕಲಿತಿದ್ದು.”

ಮುಖ ಗೊತ್ತಿಲ್ಲದಿದ್ದರೇನು, ದನಿ ಎಲ್ಲ ಗೊತ್ತಿತ್ತು. ಹೆದರಿದರೆ ಮಾತು ನುಂಗುವವನು, ತಪ್ಪು ಮಾಡಿದ ಮೇಲೆ ಗಟ್ಟಿಯಾಗಿ ಮಾತಾಡುವವಳು, ಪ್ರತಿ ವಾಕ್ಯಕ್ಕೂ ಮುಂಚೆ ಮೂಗು ಎಳೆಯುವವನು. ಪರೀಕ್ಷೆ ಪಾಸಾದ ದಿನ ಆ ಕಡೆ ಚಪ್ಪಾಳೆ ಕೇಳಿದರೆ ಈ ಕಡೆಯವರು ಸದ್ದಾಗದಂತೆ ಅಂಗೈ ಉಜ್ಜಿಕೊಳ್ಳುತ್ತಿದ್ದರು. ಪಾಸಾದವರು ಗೋಡೆಯ ಮೇಲಿಂದ ಈಚೆಗೆ ಚಾಕೊಲೇಟ್ ಎಸೆಯುವ ವಾಡಿಕೆ ಯಾವಾಗಲೋ ಹುಟ್ಟಿಕೊಂಡಿತ್ತು. “ಒಂದ್ಸಲ ನೆತ್ತಿ ಮೇಲೇ ಬಿತ್ತು. ‘ಯಾರಯ್ಯಾ ಅದು’ ಅಂತ ಬಾಯಿ ತುದಿಗೆ ಬಂತು, ನುಂಗಿಕೊಂಡೆ. ಆಮೇಲೆ ಆ ಕಡೆಯಿಂದ ಮೂಗು ಎಳೆದ ಸದ್ದು ಕೇಳ್ತು. ಓಹೋ, ಇವನಾ, ಅಂತೂ ದಡ ಸೇರಿದ ಅಂತ ಎಷ್ಟು ಖುಷಿಯಾಯ್ತು ಗೊತ್ತಾ!”

ಆ ಪ್ಲೈವುಡ್ ಗೋಡೆ ಈಗಿಲ್ಲ. ತಿರುಗಿ ಹೇಳುವ ಕೆಲಸಕ್ಕೆ ಯಂತ್ರ ಬಂತು. ಕೊನೆಯ ದಿನ ಹೂವಿನ ಗುಚ್ಛ, ಗೋಡೆ ಗಡಿಯಾರ, ಎರಡು ಮಾತು, ಮುಗಿಯಿತು. ಸೊಸೆ ಈಗ ಕಣ್ಣಾಸ್ಪತ್ರೆಯೊಂದರಲ್ಲಿ ಟೋಕನ್ ಸಂಖ್ಯೆ ಕೂಗುತ್ತಾರೆ. ದಿನಕ್ಕೆ ಮುನ್ನೂರು ಜನರನ್ನು ಕರೆದು ಬೇರೆ ಬೇರೆ ಕೋಣೆಗೆ ಕಳಿಸುವುದು. ಕೆಲವು ವರ್ಷದ ಹಿಂದೆ ಹೀಗೇ ಸಂಖ್ಯೆ ಕೂಗುತ್ತಿದ್ದಾಗ, ಕಣ್ಣಿಗೆ ಔಷಧಿ ಹಾಕಿಸಿಕೊಂಡು ರೆಪ್ಪೆ ಮುಚ್ಚಿ ಕೂತಿದ್ದ ಗೃಹಸ್ಥರೊಬ್ಬರು ದಡಬಡಿಸಿ ಎದ್ದು ನಿಂತರು. ಕಣ್ಣು ತೆರೆಯುವಂತಿಲ್ಲ. ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿ, “ನೀವು... ಗಿಡುಗ ನಾಲ್ಕು ಅಲ್ವಾ? ಗೊಣಗೋ ಕ್ಯಾಪ್ಟನ್ನು?” ಎಂದು ಕೇಳಿದರು. ದೊಡ್ಡ ವಿಮಾನ ನಿಲ್ದಾಣದ ಹಿರಿಯ ಕಂಟ್ರೋಲರ್ ಅವರು. ಕಲಿಯುವಾಗ ಹಗಲೆಲ್ಲ ಈ ದನಿಯ ಜೊತೆ ಗುದ್ದಾಡಿದವರು. ಆಗಲೂ ಮುಖ ನೋಡಿರಲಿಲ್ಲ, ಈಗಲೂ ನೋಡಲಾಗಲಿಲ್ಲ. ಅದನ್ನು ಹೇಳುವಾಗ ಸೊಸೆ ನಗುತ್ತಾರೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ.

ಹವ್ಯಾಸಿಗಳ ಗುಂಪಿಗೆ ಇವರನ್ನು ಕರೆತಂದವರು ಆ ಗೃಹಸ್ಥರೇ. ಗುಂಪಿನ ಹಿರಿಯರು ಒಬ್ಬ ಗಡಿಯಾರ ರಿಪೇರಿಯವರು. ಎಲ್ಲರೂ ಅವರನ್ನು ‘ಗಡಿಯಾರದವರು’ ಎಂದೇ ಕರೆಯುತ್ತಾರೆ. ಪಂದ್ಯದ ತೀರ್ಪೂ ಅವರದೇ. ಗೆದ್ದವರಿಗೆ ಬಹುಮಾನ ಇಲ್ಲ, ಕಪ್ ಇಲ್ಲ. ಮುಂದಿನ ಪಂದ್ಯದ ತನಕ ‘ಈ ವರ್ಷದ ಗೋಪುರ’ ಎಂದು ಕರೆಸಿಕೊಳ್ಳುವ ಮರ್ಯಾದೆ, ಅಷ್ಟೆ. ಆದರೆ ಒಂದು ಒಳ್ಳೆಯ ಪದ್ಧತಿ ಇದೆ. ಸೋತವರು ಮುನಿಸಿಕೊಂಡು ಮನೆಗೆ ಹೋಗುವಂತಿಲ್ಲ. ತನ್ನನ್ನು ಸೋಲಿಸಿದವರನ್ನೇ ಮುಂದಿನ ಸುತ್ತಿಗೆ ತಯಾರು ಮಾಡಬೇಕು. ಹೀಗಾಗಿ ಫೈನಲ್ ಹೊತ್ತಿಗೆ ಒಬ್ಬೊಬ್ಬರ ಬೆನ್ನಿಗೆ ಏಳೇಳು ಜನ ಸೋತವರು ನಿಂತಿರುತ್ತಾರೆ. ತನ್ನನ್ನು ಸೋಲಿಸಿದವರು ಸೋತರೆ ಅದು ತನ್ನ ಸೋಲೇ ಎಂಬಂತೆ ಉಸಿರು ಬಿಗಿಹಿಡಿಯುತ್ತಾರೆ.

ಇನ್ನು ಅತ್ತೆ. ಎಪ್ಪತ್ತು ದಾಟಿದ ಈ ಹೆಂಗಸು ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್. ಹಲಗೆಯ ಮೇಲಿನ ನೂರಾರು ತೂತುಗಳಿಗೆ ವೈರಿನ ತುದಿ ಸಿಕ್ಕಿಸಿ ಯಾರ್‍ಯಾರದೋ ಮಾತನ್ನು ಯಾರ್‍ಯಾರಿಗೋ ಮುಟ್ಟಿಸಿದವರು. ಮನೆಯಲ್ಲಿ ಸೊಸೆ ಸೌಟು ತಿರುಗಿಸುತ್ತ ‘ಸರಕು ಏಳು, ಎಡಕ್ಕೆ ತಿರುಗಿದೆ’ ಎಂದು ಅಭ್ಯಾಸ ಮಾಡುವುದನ್ನು ಮೊದಲೆಲ್ಲ ಹುಚ್ಚು ಎನ್ನುತ್ತಿದ್ದರಂತೆ. ಆಮೇಲೆ ಒಂದು ದಿನ ಸೊಸೆಯ ಹೆಡ್‌ಫೋನ್ ಎತ್ತಿ ತಲೆಗೆ ಹಾಕಿಕೊಂಡರು. “ಆಹಾ! ನಲವತ್ತು ವರ್ಷ ಆದ್ಮೇಲೆ ಕಿವಿ ಬೆಚ್ಚಗಾಯ್ತು” ಎಂದರು. ಅಷ್ಟೇ, ಹಿಡಿದ ಪಟ್ಟು ಬಿಡಲಿಲ್ಲ. ಹೋದ ಎರಡು ವರ್ಷ ಪಕ್ಕದಲ್ಲಿ ಕೂತು ಕಲಿತು, ಈ ವರ್ಷ ‘ಟ್ರಂಕ್‌ಕಾಲ್’ ಎಂಬ ಅಡ್ಡಹೆಸರಿನಲ್ಲಿ ತಾವೇ ಪಂದ್ಯಕ್ಕೆ ಸೇರಿಬಿಟ್ಟರು.

“ಮನೇಲಿ ನಾನು ಒಂದು ಹೇಳಿದ್ರೆ ಇವಳು ಇನ್ನೊಂದು ಮಾಡ್ತಾಳೆ. ಆಕಾಶದಲ್ಲಿ ಮಾತ್ರ ಹೇಳಿದ್ದನ್ನ ಹೇಳಿದಂಗೇ ಕೇಳ್ತಾಳೆ. ಬಿಡ್ತೀನಾ ನಾನು?” ಇದು ಅತ್ತೆಯ ವಾದ.

ಟ್ರಂಕ್‌ಕಾಲ್ ಯಾರು ಎಂದು ಸೊಸೆ ಗುಂಪಿನವರಿಗೆ ಹೇಳಲಿಲ್ಲ. ಮುಚ್ಚಿಡಬೇಕು ಎಂದಲ್ಲ. “ಯಾರೂ ಕೇಳ್ಲಿಲ್ಲ. ಮೊದಲನೇ ಸುತ್ತಲ್ಲೇ ಸೋತು ಬರ್ತಾರೆ, ಹೇಳೋದೇನಿದೆ ಅಂದ್ಕೊಂಡೆ.” ಅತ್ತೆ ಮೊದಲನೆಯ ಸುತ್ತು ಗೆದ್ದರು. ಎರಡನೆಯದೂ ಗೆದ್ದರು. ಮೂರನೆಯ ಸುತ್ತಿನಲ್ಲಿ ಹೋದ ವರ್ಷದ ಗೋಪುರವನ್ನೇ ಕೆಡವಿದರು. ಒಂದೊಂದು ಸುತ್ತು ದಾಟಿದಂತೆಲ್ಲ ಹೇಳುವುದು ಕಷ್ಟವಾಗುತ್ತ ಹೋಯಿತು. ಗಂಡನಿಗೆ ಹೇಳಿಕೊಂಡರೆ ಆತ, “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿಮ್ಮಿಬ್ಬರಿಗೂ ಒಂದೇ ಕಾಲ ಬಂದಿದೆ, ನನ್ನನ್ನ ನಡುವೆ ಎಳೀಬೇಡಿ” ಎಂದು ಮುಸುಕೆಳೆದು ಮಲಗಿದನಂತೆ.

ಹೋದ ಭಾನುವಾರದ ಫೈನಲ್‌ನಲ್ಲಿ ಎದುರಾಳಿ ಕಟ್ಟುಹಲ್ಲು ತಯಾರಿಸುವ ಕಸುಬಿನ ಯುವಕ. ಗುಂಪಿನಲ್ಲಿ ಅವನ ಅಡ್ಡಹೆಸರು ‘ಹಲ್ಲುಸೆಟ್’. ಇಬ್ಬರೂ ಒಟ್ಟಿಗೆ ಆಡುವುದಿಲ್ಲ, ಒಬ್ಬರಾದ ಮೇಲೆ ಒಬ್ಬರು. ಇಬ್ಬರಿಗೂ ಅದೇ ಹನ್ನೆರಡು ವಿಮಾನ, ಅದೇ ಕ್ರಮ, ಅದೇ ಗಾಳಿ. ಒಬ್ಬರು ಆಡುವಾಗ ಇನ್ನೊಬ್ಬರು ಕೇಳಿಸಿಕೊಳ್ಳಬಾರದು. ಅದಕ್ಕೇ ಅತ್ತೆ ಶಾಲು ಹೊದ್ದು ತಾರಸಿಗೆ ಹೋಗಿ ಕೂರುತ್ತಾರೆ. ಪ್ರತಿ ಆಟದಲ್ಲೂ ಒಂದು ಸಂಕಟ ಇರುತ್ತದೆ: ಐದನೆಯ ವಿಮಾನ ಬಂದ ಮೇಲೆ ಸರಕು ಏಳರ ಪೈಲಟ್ ಇಂಧನ ಮುಗಿಯುತ್ತಿದೆ ಎಂದು ಕೂಗಿಕೊಳ್ಳಬೇಕು. ಯಾವ ಕ್ಷಣದಲ್ಲಿ ಎನ್ನುವುದು ಓಡಿಸುವವರ ವಿವೇಕಕ್ಕೆ ಬಿಟ್ಟದ್ದು. ಕಂಟ್ರೋಲರ್ ಹೇಳುತ್ತಿರುವ ಮಾತು ಮುಗಿಯಲಿ, ಒಂದು ಉಸಿರು ಎಳೆದುಕೊಳ್ಳಲಿ, ಆಮೇಲೆ ಕೂಗಬೇಕು ಎನ್ನುವುದು ಶಾಲೆಯ ಕಾಲದಿಂದ ಸೊಸೆ ನಡೆಸಿಕೊಂಡು ಬಂದ ರೀತಿ.

ಹಲ್ಲುಸೆಟ್ ಮೊದಲು ಆಡಿದ, ಚೆನ್ನಾಗಿಯೇ ಆಡಿದ. ಆಮೇಲೆ ಅತ್ತೆ ತಾರಸಿಯಿಂದ ಇಳಿದು ಬಂದು ಮುಂದಿನ ಕೋಣೆಯಲ್ಲಿ ಕೂತರು. ಎರಡು ರಜಾಯಿಯೇನು, ಹತ್ತು ತೂಗುಬಿಟ್ಟರೂ ಆ ಗಂಟಲಿಗೆ ಅಡ್ಡವಾಗದು. ಅತ್ತೆಯ ದನಿ ಗೋಡೆಯಿಂದ ಒಮ್ಮೆ, ಹೆಡ್‌ಫೋನಿನಿಂದ ಮತ್ತೊಮ್ಮೆ, ಎರಡು ಸಲ ಕೇಳುತ್ತಿತ್ತು. ಐದನೆಯ ವಿಮಾನ ಬಂತು. ಅಷ್ಟರಲ್ಲಿ ಗೋಡೆಯ ಆಚೆಯಿಂದ ಸಣ್ಣದೊಂದು ಕೆಮ್ಮು. ಮೈಕಿಗೆ ಕೇಳುವ ಕೆಮ್ಮಲ್ಲ ಅದು. ಅತ್ತೆಗೆ ದಿಕ್ಕು ತೋಚದಾದಾಗ ಬರುವ ಕೆಮ್ಮು. ಈ ಮನೆಯಲ್ಲಿ ಮೂವತ್ತು ವರ್ಷ ಬಾಳಿದವರಿಗೆ ಮಾತ್ರ ಗೊತ್ತಾಗುವಂಥದ್ದು.

“ಆ ಕೆಮ್ಮು ಕೇಳಿಸ್ತು. ಅಯ್ಯೋ, ನಾನೀಗ ಕರಗಿಬಿಡ್ತೀನಿ, ಸ್ವಲ್ಪ ಹೊತ್ತು ಬಿಟ್ಟು ಕೂಗೋಣ ಅಂತ ಮನಸ್ಸು ಹೇಳುತ್ತೆ, ಹಾಗಾಗ್ಬಾರ್ದು ಅಂತ ತಕ್ಷಣ ಗುಂಡಿ ಒತ್ತಿಬಿಟ್ಟೆ.”

ಅತ್ತೆ ಇನ್ನೊಂದು ವಿಮಾನಕ್ಕೆ ಹೇಳುತ್ತಿದ್ದ ಮಾತು ಅರ್ಧದಲ್ಲಿತ್ತು. ಅದರ ಮೇಲೆಯೇ ಸರಕು ಏಳು ಕೂಗಿಕೊಂಡಿತು. ಅತ್ತೆ ತಡವರಿಸಿದರು, ಒಂದೆರಡು ವಿಮಾನ ದಾರಿ ತಪ್ಪಿದವು. ಆದರೂ ಹಳೆಯ ಆಪರೇಟರ್, ಸಾವರಿಸಿಕೊಂಡು, “ಸರಕು ಏಳು, ಹೆದರಬೇಡ. ಬಲಕ್ಕೆ ತಿರುಗು, ನೇರ ಇಳಿದುಬಿಡು” ಎಂದರು. ಆ ‘ಹೆದರಬೇಡ’ ಎನ್ನುವ ಮಾತು ಯಾವ ನಿಯಮದಲ್ಲೂ ಇಲ್ಲ. ಅದು ಮನೆಯ ಮಾತು, ಮನೆಯ ದನಿಯಲ್ಲೇ ಬಂತು. ಉಗ್ರಾಣದಲ್ಲಿ ಕೂತಿದ್ದ ನಿದ್ದೆಗೆಟ್ಟ ಪೈಲಟ್, ದಪ್ಪ ದನಿಯಲ್ಲೇ, ಇಡೀ ಆಕಾಶಕ್ಕೆ ಕೇಳುವಂತೆ ಉತ್ತರ ಕೊಟ್ಟ:

“ಆಯ್ತು ಅತ್ತೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹದಿನಾಲ್ಕು ಜನ ಸೋತವರೂ ಗಡಿಯಾರದವರೂ ಆಲಿಸುತ್ತಿದ್ದರು. ಮೊದಲು ಯಾರೋ ಕಿಸಕ್ಕೆಂದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ಇಳಿದ ಮೇಲೆ ಹಲ್ಲುಸೆಟ್ ಕಡೆಯ ಒಬ್ಬರು, ಕೇಳಬೇಕಾದ್ದನ್ನು ಕೇಳಿಯೇಬಿಟ್ಟರು: “ತಮಾಷೆ ಸರಿ, ಆದ್ರೆ ಮನೆಯವರೇ ವಿಮಾನ ಓಡಿಸಿದ್ರೆ ಉಳಿದವರಿಗೆ ನ್ಯಾಯ ಎಲ್ಲಿಂದ ಬರುತ್ತೆ?” ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ.

ಗಡಿಯಾರದವರು ತೀರ್ಪು ತಡೆಹಿಡಿದರು. ಎಲ್ಲ ಪಂದ್ಯಗಳೂ ರೆಕಾರ್ಡ್ ಆಗಿರುತ್ತವೆ. ಅಂದೇ ಸಂಜೆ ಎಲ್ಲರನ್ನೂ ಕೂಡಿಸಿ, ಹಲ್ಲುಸೆಟ್‌ನ ಆಟ ಒಮ್ಮೆ, ಟ್ರಂಕ್‌ಕಾಲ್ ಆಟ ಒಮ್ಮೆ, ಎರಡನ್ನೂ ಕೇಳಿಸಿದರು. ಹಿಂದಿನ ಸುತ್ತುಗಳದ್ದನ್ನೂ ಕೇಳಿಸಿದರು. ಅವುಗಳಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಫೈನಲ್‌ನಲ್ಲಿ ಇತ್ತು. ಅದನ್ನು ಮೊದಲು ಹೇಳಿದವನು ಹಲ್ಲುಸೆಟ್ಟೇ.

“ನನಗೆ ಮಾತು ಮುಗಿಸೋಕೆ ಬಿಟ್ರು, ಉಸಿರು ತಗೊಳ್ಳೋಕೆ ಬಿಟ್ರು. ಅಜ್ಜಿಗೆ ಬಿಡ್ಲೇ ಇಲ್ಲ. ಅನ್ಯಾಯ ಆಗಿದ್ರೆ ಅಜ್ಜಿಗೇ ಆಗಿರೋದು” ಎಂದ. ಗಡಿಯಾರದವರ ಲೆಕ್ಕದಲ್ಲಿ ಗೆದ್ದವನೂ ಅವನೇ ಆಗಿದ್ದ. “ಹೀಗೆ ಬಂದ ಗೋಪುರ ನನಗೆ ಬೇಡ.”

ಸೊಸೆಯ ಪಾಲಿಗೆ ಇದು ಕಪಾಳಕ್ಕೆ ಬಿದ್ದ ಏಟು. ಅತ್ತೆಯ ಪರ ವಹಿಸಿದಳು ಎಂದಿದ್ದರೆ ಜಗಳವಾಡಬಹುದಿತ್ತು. ಪರ ವಹಿಸಿದಳು ಎಂಬ ಮಾತು ಬಾರದಿರಲಿ ಎಂದು ಅತ್ತೆಯ ಕುತ್ತಿಗೆ ಹಿಸುಕಿದ್ದನ್ನು ಏನೆಂದು ಒಪ್ಪಿಸುವುದು? ಎಲ್ಲರಿಗೂ ಒಂದೇ ಆಕಾಶ ಎಂದು ಹರೆಯವನ್ನೆಲ್ಲ ಸವೆಸಿದ ಹೆಂಗಸು, ಸ್ವಂತ ಮನೆಯವರಿಗೆ ಮಾತ್ರ ಚಿಕ್ಕ ಆಕಾಶ ಕೊಟ್ಟಿದ್ದರು. ಹೆಡ್‌ಫೋನ್ ತೆಗೆದು ಹಿಟ್ಟಿನ ಡಬ್ಬದ ಮೇಲಿಟ್ಟು, “ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ” ಎಂದು ಗಡಿಯಾರದವರಿಗೆ ಹೇಳಿ ಉಗ್ರಾಣದಲ್ಲೇ ಕೂತುಬಿಟ್ಟರು.

ರಜಾಯಿ ಸರಿಸಿಕೊಂಡು ಅತ್ತೆ ಒಳಬಂದರು. ಕೂರಲು ಬೇರೆ ಜಾಗವಿಲ್ಲ, ಸೂಟ್‌ಕೇಸಿನ ಮೇಲೆ ಕೂತರು.

“ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದರು.

“ತಪ್ಪಾಯ್ತು ಅತ್ತೆ.”

“ತಪ್ಪಲ್ಲ ಕಣೇ, ರೋಗ ಇದು. ನಂಗೂ ಇತ್ತು. ಎಕ್ಸ್‌ಚೇಂಜಲ್ಲಿ ಕೂತಿದ್ದಾಗ ನಮ್ಮಮ್ಮ ಫೋನ್ ಮಾಡೋಳು, ಅಂಗಡಿ ಮುಂದೆ ನಿಂತ್ಕೊಂಡು. ಲೈನಲ್ಲಿ ಇರೋದು ಅಮ್ಮ ಅಂತ ಗೊತ್ತಾದ ಕೂಡ್ಲೇ ನಾನು ಕೊನೆಗೆ ತಳ್ತಿದ್ದೆ. ಪಕ್ಕದವರು ಏನಂದ್ಕೋತಾರೋ, ಅವಳಮ್ಮ ಅಂತ ಮುಂದೆ ಹಾಕಿದ್ಲು ಅಂತಾರೋ ಅಂತ. ಊರೆಲ್ಲಾ ಮಾತಾಡಿ ಮುಗಿಸ್ತಿತ್ತು, ಅಮ್ಮ ಕಾಯ್ತಿದ್ಲು. ಎಷ್ಟೋ ಸಲ ಕಾದು ಕಾದು ಹಂಗೇ ಮನೆಗೆ ಹೋಗಿರ್ತಿದ್ಲು.” ಅತ್ತೆ ಸ್ವಲ್ಪ ಹೊತ್ತು ಸೂಟ್‌ಕೇಸಿನ ಹಿಡಿ ಸವರಿದರು. “ಅದನ್ನ ನ್ಯಾಯ ಅಂದ್ಕೊಂಡಿದ್ದೆ ನಾನು. ಸರದಿ ಅಂದ್ರೆ ಅಮ್ಮನಿಗೂ ಒಂದು ಸರದಿ ಇರುತ್ತಲ್ವಾ? ಅದನ್ನೂ ಕಿತ್ಕೊಂಡಿದ್ದೆ.”

ಸೊಸೆಗೆ ಅಳು ತಡೆಯಲಾಗಲಿಲ್ಲ. ಅತ್ತೆ ಸೆರಗಿನಲ್ಲಿ ಅವರ ಮೂಗು ಒರೆಸಿ, “ಮತ್ತೆ ಆಡಿಸ್ತಾರಂತೆ. ನೀನು ಓಡಿಸಿದ್ರೆ ಮಾತ್ರ ಆಡ್ತೀನಿ ಅಂದಿದೀನಿ. ಆ ಹಲ್ಲಿನ ಹುಡುಗನೂ ಹಂಗೇ ಅಂದ. ಬೇರೆ ಮನೇಲಿ ಕೂತ್ಕೊಳ್ಳಿ ಅಂತ ಗಡಿಯಾರದೋರು ಹೇಳಿದ್ರು, ಬೇಡ ಅಂದೆ. ಗೋಡೆ ಪಕ್ಕ ನಾನಿದ್ದಾಗ್ಲೂ ನೀನು ಸರಿಯಾಗಿ ಓಡಿಸ್ಬೇಕು. ಇಲ್ಲಾಂದ್ರೆ ಅದೆಂಥಾ ದೊಡ್ಡಸ್ತಿಕೆ?” ಎಂದು ಎದ್ದು ಹೋದರು.

ಅದಕ್ಕೇ ಈ ಭಾನುವಾರದ ನಸುಕು, ಈ ಬಿಸಿನೀರು. ಹಲ್ಲುಸೆಟ್ ಆಡಿ ಮುಗಿಸಿದ್ದಾನೆ. ಅತ್ತೆ ತಾರಸಿಯಿಂದ ಇಳಿದು ಬಂದಿದ್ದಾರೆ. ಚಪ್ಪಲಿ ಬಿಟ್ಟ ಸದ್ದು, ಕುರ್ಚಿ ಎಳೆದ ಸದ್ದು. ಗಂಡ ಕಾಫಿ ಲೋಟ ತಂದು ರಜಾಯಿಯ ಸಂದಿನಿಂದ ಕೈ ಮಾತ್ರ ಒಳಗೆ ಚಾಚಿ, ಸೊಸೆ ಬೇಡವೆಂದು ತಲೆಯಾಡಿಸಿದ್ದು ಕಾಣದೆ, ನೆಲದ ಮೇಲಿಟ್ಟು ಹೋಗುತ್ತಾನೆ. ಲೋಟ ಅಲ್ಲೇ ಆರುತ್ತದೆ.

ಸರಕು ಏಳು ಬರುತ್ತದೆ, ಹಂಸ ಮೂರು ಬರುತ್ತದೆ, ಗೊಣಗುವ ಗಿಡುಗ ನಾಲ್ಕು ಬರುತ್ತದೆ. ಐದನೆಯ ವಿಮಾನ ಪರದೆಯ ಅಂಚಿನಲ್ಲಿ ಚುಕ್ಕಿಯಾಗಿ ಮೂಡುತ್ತದೆ. ಗೋಡೆಯ ಆಚೆಯಿಂದ, ಅಯ್ಯೋ, ಅದೇ ಕೆಮ್ಮು. ಸೊಸೆಯ ಹೆಬ್ಬೆರಳು ಗುಂಡಿಯ ಮೇಲಿದೆ. ಒತ್ತುವುದಿಲ್ಲ. ಅತ್ತೆ ಗಿಡುಗ ನಾಲ್ಕಕ್ಕೆ ಹೇಳುತ್ತಿರುವ ಮಾತು ಮುಗಿಯಲಿ ಎಂದು ಕಾಯುತ್ತಾರೆ. ಮಾತು ಮುಗಿಯುತ್ತದೆ. ಹಲ್ಲುಸೆಟ್‌ಗೆ ಬಿಟ್ಟಂತೆಯೇ ಒಂದು ಉಸಿರಿನಷ್ಟು ಹೊತ್ತು ಬಿಡುತ್ತಾರೆ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಆಮೇಲೆ ಒತ್ತುತ್ತಾರೆ.

“ಗೋಪುರ, ಸರಕು ಏಳು, ಇಂಧನ ಮುಗೀತಾ ಇದೆ. ಬೇಗ ಇಳಿಯಬೇಕು.”

ಅತ್ತೆ ಈ ಸಲ ತಡವರಿಸುವುದಿಲ್ಲ. ಸರಕು ಏಳನ್ನು ಬಲಕ್ಕೆ ತಿರುಗಿಸಿ, ಬೇರೆಯವರನ್ನು ಮೇಲೆ ಕಾಯಲು ಹೇಳಿ, ಬೆಣ್ಣೆಯಿಂದ ಕೂದಲು ತೆಗೆದಂತೆ ನೆಲಕ್ಕಿಳಿಸುತ್ತಾರೆ. ಅವರ ಬೆನ್ನಿಗಿರುವ ಏಳು ಜನರೂ ಆಗಲೇ ಗೆದ್ದೆವು ಎಂದುಕೊಳ್ಳುತ್ತಿದ್ದಾರೆ. ಆದರೆ ಹಂಸ ಮೂರರ ಹುಡುಗ ಪೈಲಟ್ ಸುತ್ತು ಹಾಕುತ್ತಿದ್ದಾನಲ್ಲ, “ಗೋಪುರ, ನಾನಿನ್ನೂ ಕಾಯ್ತಾ ಇದೀನಿ” ಎನ್ನುತ್ತಾನೆ. ಹಲ್ಲುಸೆಟ್‌ಗೂ ಇದೇ ಜಾಗದಲ್ಲಿ, ಇದೇ ದನಿಯಲ್ಲಿ ಹೇಳಿದ ಮಾತು. ಹಲ್ಲುಸೆಟ್ ಅದಕ್ಕೆ “ಕಾಯಪ್ಪಾ” ಎಂದು ಸುಮ್ಮನಾಗಿದ್ದ.

ಅತ್ತೆಗೆ ಸುಮ್ಮನಿರಲಾಗುವುದಿಲ್ಲ. ಲೈನಿನಲ್ಲಿ ಯಾರಾದರೂ ಕಾಯುತ್ತಿದ್ದಾರೆ ಎಂದರೆ ಕೈ ತಾನಾಗಿ ವೈರಿಗೆ ಹೋಗುತ್ತಿದ್ದ ಜೀವ ಅದು. ಹಿಂದಿನ ಸುತ್ತುಗಳಲ್ಲಿ ಹೇಗೋ ತಡೆದುಕೊಂಡಿದ್ದರು. “ಬಾ, ಹಂಸ ಮೂರು, ಒಳಗೆ ಬಾ” ಎನ್ನುತ್ತಾರೆ. ಸರಕು ಏಳು ಇನ್ನೂ ರನ್‌ವೇ ಬಿಟ್ಟು ಪಕ್ಕಕ್ಕೆ ಸರಿದಿಲ್ಲ. ಇದು ತಪ್ಪು, ಸೊಸೆಗೆ ಗೊತ್ತು. ಪೈಲಟ್ ಆದವರು ಹೇಳಿದ್ದನ್ನು ತಿರುಗಿ ಹೇಳಬೇಕು, ಅಷ್ಟೇ.

“ಒಳಗೆ ಬರ್ತಾ ಇದೀನಿ, ಹಂಸ ಮೂರು” ಎನ್ನುತ್ತಾರೆ ಸೊಸೆ, ಹುಡುಗನ ದನಿಯಲ್ಲಿ. ದನಿ ಚೂರೂ ಅಲುಗುವುದಿಲ್ಲ. ಮೈಕಿನ ಗುಂಡಿ ಬಿಟ್ಟ ಮೇಲೆ ತುಟಿ ಕಚ್ಚಿಕೊಳ್ಳುತ್ತಾರೆ.

ನಡೆಯಬಾರದ್ದು ನಡೆಯುವುದಿಲ್ಲ. ರನ್‌ವೇ ಇನ್ನೂ ಖಾಲಿಯಾಗಿಲ್ಲ ಎಂಬುದು ಕಟ್ಟಕಡೆಗೆ ಅತ್ತೆಯ ಕಣ್ಣಿಗೆ ಬೀಳುತ್ತದೆ, ಹಂಸ ಮೂರನ್ನು ಮತ್ತೆ ಮೇಲಕ್ಕೆ ಕಳಿಸುತ್ತಾರೆ. ಆ ಒಂದು ಸುತ್ತಿಗೆ ಅಂಕ ಹೋಗುತ್ತದೆ, ಹಿಂದಿನ ವಿಮಾನಗಳೆಲ್ಲ ತಡವಾಗುತ್ತವೆ. ಉಳಿದ ಆಟ ನಡೆದುಹೋಗುತ್ತದೆ. ಗಡಿಯಾರದವರು ಎರಡೂ ಆಟದ ರೆಕಾರ್ಡನ್ನು ಅಲ್ಲೇ ಎಲ್ಲರಿಗೂ ಕೇಳಿಸಿ, ಓಡಿಸಿದವರ ಕಡೆಯಿಂದ ಎಳ್ಳಷ್ಟೂ ವ್ಯತ್ಯಾಸವಿಲ್ಲ ಎಂದು ಮೊದಲು ಹೇಳುತ್ತಾರೆ. ಈ ವರ್ಷದ ಗೋಪುರ ಹಲ್ಲುಸೆಟ್ ಎಂದು ಆಮೇಲೆ ಹೇಳುತ್ತಾರೆ. ಹೋದ ವಾರ ನ್ಯಾಯ ಕೇಳಿದ್ದವರೇ ಮೊದಲು ಮೈಕಿಗೆ ಬಂದು, “ಅಮ್ಮಾ, ಮುಂದಿನ ವರ್ಷವೂ ನೀವೇ ಓಡಿಸ್ಬೇಕು” ಎನ್ನುತ್ತಾರೆ. ಸೊಸೆ “ಆಗ್ಲಿ” ಎನ್ನುತ್ತಾರೆ, ತಮ್ಮದೇ ದನಿಯಲ್ಲಿ. ಆ ದನಿಯನ್ನು ಗುಂಪಿನ ಬಹುಪಾಲು ಜನ ಕೇಳುತ್ತಿರುವುದು ಇದೇ ಮೊದಲು.

ರಜಾಯಿ ಸರಿಸಿ ಹೊರಬಂದಾಗ ಮನೆಯಲ್ಲಿ ಬಿಸಿಲು. ಅತ್ತೆ ಮುಂದಿನ ಕೋಣೆಯಲ್ಲಿ ಹೆಡ್‌ಫೋನ್ ಕುತ್ತಿಗೆಗೆ ಇಳಿಬಿಟ್ಟುಕೊಂಡು ನಗುತ್ತ ಕೂತಿದ್ದಾರೆ. ಸೋತವರ ಮುಖವಲ್ಲ ಅದು.

“ನೋಡಿದ್ಯಾ ನನ್ನ ದಡ್ಡತನ? ಆ ಹುಡುಗ ಕಾಯ್ತೀನಿ ಅಂದ್ರೆ ಕಾಯ್ಲಿ ಬಿಡು ಅನ್ನೋಕೆ ಏನಾಗಿತ್ತು ನಂಗೆ!” ಎಂದು ತೊಡೆ ತಟ್ಟಿಕೊಳ್ಳುತ್ತಾರೆ. “ಹೋದ್ವಾರದ ಸೋಲಲ್ಲಿ ನಿಂಗೂ ಪಾಲಿತ್ತು. ಇದು ಪೂರ್ತಿ ನಂದೇ. ಯಾರಿಗೂ ಕೊಡಲ್ಲ.”

ಇಷ್ಟು ವರ್ಷದ ಕಸುಬಿನಲ್ಲಿ ಹೆಮ್ಮೆ ಪಡುವಂಥದ್ದು ಯಾವುದು ಎಂದು ಕೇಳಿದರೆ ಸೊಸೆ ಶಾಲೆಯಲ್ಲಿ ತಯಾರಾದ ದೊಡ್ಡ ದೊಡ್ಡ ಕಂಟ್ರೋಲರ್‌ಗಳ ಮಾತೆತ್ತುವುದಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರುವ ಅತ್ತೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸುತ್ತಾರೆ.

“ಅವರು ಸೋತ್ರು. ನಾನು ಸೋಲಿಸ್ಲಿಲ್ಲ. ಅಷ್ಟು ಸಾಕು ನಂಗೆ.”